ಜರ್ಮನ್ ಕ್ರಿಸ್‌ಮಸ್ ಬಜಾರ್: ತವರಿನ ಸಂತೆ, ಪರವೂರಿನಲ್ಲಿ ಸಹಾಯಾರ್ಥ

ಬೆಳಗೊಳ (ಶ್ರೀರಂಗಪಟ್ಟಣ): ತಾಯ್ನಾಡಿನಿಂದ ದೂರ ನೆಲೆಸಿದ ಜರ್ಮನ್ನರು ಕ್ರಿಸ್‌ಮಸ್‌ಗೆ ಮುನ್ನ ತಮ್ಮ ಸಂಘ, ಶಾಲೆ ಅಥವಾ ಸಾಂಸ್ಕೃತಿಕ ಕೇಂದ್ರದ ಆವರಣದಲ್ಲಿ ಏರ್ಪಡಿಸುವ ಸಂತೆಯೇ ಕ್ರಿಸ್‌ಮಸ್ ಬಜಾರ್. ಜರ್ಮನ್ ಭಾಷೆಯಲ್ಲಿ ಇದಕ್ಕೆ ‘ವೈನಾಖ್ಟ್ಸ್‌ಬಜಾರ್’ ಎಂದು ಹೆಸರು. ಊರಿನ ತಿಂಡಿ, ಊರಿನ ಹಾಡು, ಕೈಯಿಂದ ಮಾಡಿದ ಅಲಂಕಾರದ ವಸ್ತುಗಳು ಇಲ್ಲಿ ಒಂದೆಡೆ ದೊರೆಯುತ್ತವೆ. ಮಾರಾಟದಿಂದ ಬಂದ ಹಣವನ್ನು ಬಹುತೇಕ ಕಡೆ ಅನಾಥಾಲಯ, ಶಾಲೆ, ಚಿಕಿತ್ಸಾಲಯಗಳಿಗೆ ನೀಡುವುದು ರೂಢಿ. ಈ ಗುಣವೇ ಬಜಾರನ್ನು ಉಳಿದ ಮಾರಾಟ ಮೇಳಗಳಿಂದ ಪ್ರತ್ಯೇಕಿಸುತ್ತದೆ.

ಮೂಲ ಎಲ್ಲಿ?

ಬಜಾರಿನ ಮೂಲ ಜರ್ಮನಿಯ ಊರ ಚೌಕಗಳಲ್ಲಿ ನಡೆಯುವ ಚಳಿಗಾಲದ ಸಂತೆಗಳಲ್ಲಿದೆ. ಅವುಗಳಲ್ಲಿ ಅತ್ಯಂತ ಹಳೆಯ ಸಂತೆಗಳ ಸಾಲಿಗೆ ಸೇರುವುದು ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡನ್ ನಗರದ ‘ಸ್ಟ್ರೀಟ್ಸೆಲ್‌ಮಾರ್ಕ್ಟ್’. 1434ರಲ್ಲಿ ಒಂದೇ ದಿನದ ಸಂತೆಗೆ ದೊರೆತ ಅನುಮತಿಯಿಂದ ಇದು ಆರಂಭವಾಯಿತು. ನ್ಯೂರೆಂಬರ್ಗ್ ಸಂತೆಯ ಅತ್ಯಂತ ಹಳೆಯ ಲಿಖಿತ ಕುರುಹು 1628ರದು.

ಡ್ರೆಸ್ಡನ್ ಹೆಸರು ಬೆಳಗೊಳದ ಸುತ್ತಮುತ್ತಲಿನವರಿಗೆ ಅಷ್ಟೇನೂ ದೂರದ್ದಲ್ಲ. ಸಮೀಪದ ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ವಿನ್ಯಾಸಕಾರ ಗುಸ್ತಾವ್ ಹರ್ಮನ್ ಕ್ರುಂಬಿಗಲ್ 1865ರ ಡಿಸೆಂಬರ್‌ನಲ್ಲಿ ಜನಿಸಿದ್ದು ಡ್ರೆಸ್ಡನ್ ಬಳಿಯ ಲೋಮೆನ್ ಎಂಬಲ್ಲಿ. ಬರೋಡದಲ್ಲಿ ಸೇವೆ ಸಲ್ಲಿಸಿದ ಬಳಿಕ 1908ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ಬಂದ ಅವರು, 1956ರಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು.

ಏನೇನು ದೊರೆಯುತ್ತದೆ?

ಬಜಾರಿನ ಪ್ರತಿಯೊಂದು ವಸ್ತುವಿಗೂ ಒಂದೊಂದು ಊರಿನ ಚರಿತ್ರೆಯಿದೆ.

ಸ್ಟೊಲ್ಲನ್: ಒಣಹಣ್ಣು, ಬಾದಾಮಿ, ಬೆಣ್ಣೆ ಸೇರಿಸಿ ಬೇಯಿಸಿ, ಮೇಲೆ ಸಕ್ಕರೆ ಪುಡಿ ಹೊದಿಸಿದ ಉದ್ದನೆಯ ಬ್ರೆಡ್. ಡ್ರೆಸ್ಡನ್ ಸಂತೆಗೆ ಹೆಸರು ಬಂದದ್ದು ಇದರ ಹಳೆಯ ಹೆಸರಾದ ‘ಸ್ಟ್ರೀಟ್ಸೆಲ್’ನಿಂದ. ಕ್ರಿಸ್‌ಮಸ್ ಪೂರ್ವದ ಉಪವಾಸ ಕಾಲದಲ್ಲಿ ಬೆಣ್ಣೆ ನಿಷಿದ್ಧವಾಗಿತ್ತು. 1491ರಲ್ಲಿ ಪೋಪ್ ಎಂಟನೆಯ ಇನೊಸೆಂಟ್ ಅವರು ಪತ್ರ ಮುಖೇನ ಸ್ಯಾಕ್ಸನಿಗೆ ಬೆಣ್ಣೆ ಬಳಸಲು ವಿನಾಯಿತಿ ನೀಡಿದರು. ಅಲ್ಲಿಯವರೆಗೆ ಸ್ಟೊಲ್ಲನ್ ಸಪ್ಪೆ ತಿನಿಸಾಗಿತ್ತು.

ಲೇಬ್‌ಕೂಖನ್: ಜೇನು, ಲವಂಗ, ದಾಲ್ಚಿನ್ನಿ ಬೆರೆಸಿದ ಬಿಸ್ಕತ್ತು. ನ್ಯೂರೆಂಬರ್ಗ್ ಇದಕ್ಕೆ ಪ್ರಸಿದ್ಧ. ಇದರಲ್ಲಿ ಬಳಸುವ ಮಸಾಲೆ ಪದಾರ್ಥಗಳು ಪೂರ್ವ ದೇಶಗಳಿಂದ ಯುರೋಪಿಗೆ ಹೋದಂಥವು ಎಂಬುದು ಗಮನಾರ್ಹ.

ಅಡ್ವೆಂಟ್ ಹಾರ: ಹಸಿರು ಎಲೆಗಳ ವೃತ್ತದ ಮೇಲೆ ನಾಲ್ಕು ಮೇಣದ ಬತ್ತಿ. ಕ್ರಿಸ್‌ಮಸ್‌ಗೆ ಮುನ್ನ ಬರುವ ನಾಲ್ಕು ಭಾನುವಾರಗಳಲ್ಲಿ ಒಂದೊಂದನ್ನೇ ಹೆಚ್ಚಿಸುತ್ತ ಹಚ್ಚಲಾಗುತ್ತದೆ. ಹ್ಯಾಂಬರ್ಗ್‌ನಲ್ಲಿ ನಿರ್ಗತಿಕ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್, ಹಬ್ಬಕ್ಕೆ ಎಷ್ಟು ದಿನ ಉಳಿದಿದೆ ಎಂದು ಮಕ್ಕಳಿಗೆ ತಿಳಿಯಲೆಂದು 1839ರಲ್ಲಿ ಮರದ ಚಕ್ರವೊಂದರ ಮೇಲೆ ಬತ್ತಿಗಳನ್ನು ಇರಿಸಿದರು. ಅದೇ ಇಂದಿನ ಹಾರದ ಮೂಲ.

ಇವಲ್ಲದೆ ತುರಿಂಗಿಯಾದ ಲೌಷಾ ಊರಿನ ಊದಿದ ಗಾಜಿನ ಗುಂಡುಗಳು, ಏರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯ ಮರದ ಬೊಂಬೆಗಳೂ ಹೆಸರುವಾಸಿ. ಗಣಿಗಳ ಆದಾಯ ಕುಗ್ಗಿದಾಗ ಅಲ್ಲಿನ ಗಣಿ ಕುಟುಂಬಗಳಿಗೆ ಮರಗೆಲಸವೇ ಜೀವನಾಧಾರವಾಯಿತು. ಚನ್ನಪಟ್ಟಣದ ಗೊಂಬೆಗಳನ್ನು ಬಲ್ಲವರಿಗೆ ಈ ಕಸುಬಿನ ಬೆಲೆಯನ್ನು ವಿವರಿಸಬೇಕಿಲ್ಲ.

ಕನ್ನಡದ ನಂಟು

ಹಬ್ಬದ ಮಾರಾಟ, ಕೈಕೆಲಸ ಮತ್ತು ದಾನ ಈ ಮೂರನ್ನೂ ಕೂಡಿಸುವ ಪರಿಪಾಠಕ್ಕೂ ಕರ್ನಾಟಕಕ್ಕೂ ಹಳೆಯ ಸಂಬಂಧವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನ ಬೆನ್ನೆಲುಬಾಗಿದ್ದವರು ಸ್ವಿಟ್ಜರ್ಲೆಂಡ್ ಹಾಗೂ ದಕ್ಷಿಣ ಜರ್ಮನಿಯ ಸಾಮಾನ್ಯ ಜನ. ಮಹಿಳಾ ಸಂಘಗಳು ಹೊಲಿದ, ಹೆಣೆದ ವಸ್ತುಗಳ ಮಾರಾಟ ಮಿಶನ್‌ಗೆ ನೆರವಾಗುತ್ತಿತ್ತು. 1855ರಲ್ಲಿ ಆರಂಭವಾದ ‘ಅರ್ಧ ಬಾಟ್ಸನ್’ ಸಂಗ್ರಹದಲ್ಲಿ ಬಡವರೂ ವಾರಕ್ಕೊಂದು ಚಿಕ್ಕಾಸು ನೀಡುತ್ತಿದ್ದರು.

ಮಿಶನ್‌ನ ಉದ್ದೇಶ ಧರ್ಮಪ್ರಚಾರವಾಗಿತ್ತು. ಆದರೆ ಅದರ ಫಲ ಕನ್ನಡಕ್ಕೂ ದಕ್ಕಿತು. 1841ರಲ್ಲಿ ಮಂಗಳೂರಿನಲ್ಲಿ ಮಿಶನ್ ಮುದ್ರಣಾಲಯ ತಲೆಯೆತ್ತಿತು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇದೇ ಮುದ್ರಣಾಲಯದಿಂದ ಪ್ರಕಟವಾಯಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದರು. ಹಂಚಿನ ಕಾರ್ಖಾನೆಗಳು ಮಿಶನ್‌ನ ಕೈತಪ್ಪಿದವು.

ನಮ್ಮಲ್ಲಿ ಎಲ್ಲಿ?

ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ 1960ರಿಂದ ಜರ್ಮನ್ ಭಾಷೆ ಮತ್ತು ಸಂಸ್ಕೃತಿಯ ಕೇಂದ್ರವಾಗಿದೆ. ಗೋಥೆ ಇನ್‌ಸ್ಟಿಟ್ಯೂಟ್‌ನ ಶಾಖೆಯಾದ ಇದು ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿದ್ದು, ಇಲ್ಲಿ ಕ್ರಿಸ್‌ಮಸ್ ಬಜಾರ್‌ಗಳು ನಡೆದಿವೆ. ಭಾರತದ ಶಾಖೆಗಳಿಗೆ ಹೆಸರಾದ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಜೀವಮಾನದಲ್ಲಿ ಒಮ್ಮೆಯೂ ಭಾರತಕ್ಕೆ ಬಂದವರಲ್ಲ.

ಹೋಗುವವರ ಗಮನಕ್ಕೆ

* ಇಂತಹ ಬಜಾರ್‌ಗಳು ಹೆಚ್ಚಾಗಿ ಮೊದಲ ಅಡ್ವೆಂಟ್ ಭಾನುವಾರದ ಆಸುಪಾಸಿನಲ್ಲಿ ನಡೆಯುತ್ತವೆ. ಆ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. ಆಯಾ ವರ್ಷದ ದಿನಾಂಕವನ್ನು ಮೊದಲೇ ವಿಚಾರಿಸುವುದು ಒಳಿತು.
* ‘ಬ್ರಾಟ್‌ವುರ್ಸ್ಟ್’ ಎಂಬುದು ಮಾಂಸದ ತಿನಿಸು, ಸಾಮಾನ್ಯವಾಗಿ ಹಂದಿ ಮಾಂಸದ್ದು. ಲೇಬ್‌ಕೂಖನ್‌ನಲ್ಲಿ ಮೊಟ್ಟೆ, ಸ್ಟೊಲ್ಲನ್‌ನಲ್ಲಿ ರಮ್ ಇರಬಹುದು. ಸಸ್ಯಾಹಾರಿಗಳು ಕೇಳಿ ಕೊಳ್ಳಬೇಕು.
* ‘ಗ್ಲೂವೈನ್’ ಮಸಾಲೆ ಹಾಕಿ ಬಿಸಿ ಮಾಡಿದ ದ್ರಾಕ್ಷಾರಸದ ಮದ್ಯ. ಮಕ್ಕಳಿಗೆ ಹಣ್ಣಿನ ರಸದ ‘ಕಿಂಡರ್‌ಪುನ್ಶ್’ ಇರುತ್ತದೆ.
* ಕೈಕೆಲಸದ ವಸ್ತುಗಳಲ್ಲಿ ಚೌಕಾಸಿ ಬೇಡ. ಬೆಲೆಯಲ್ಲಿ ದಾನದ ಪಾಲೂ ಸೇರಿರುತ್ತದೆ.

ವಿದೇಶಗಳಲ್ಲಿರುವ ಕನ್ನಡ ಸಂಘಗಳು ರಾಜ್ಯೋತ್ಸವದಂದು ಹೋಳಿಗೆ, ಬಿಸಿಬೇಳೆಬಾತ್ ಬಡಿಸಿ ಮಕ್ಕಳಿಂದ ಕನ್ನಡ ಹಾಡಿಸುವುದರ ಹಿಂದೆ ಇರುವುದೂ ಇಂಥದೇ ಕಳಕಳಿ. ಪರವೂರಿನಲ್ಲಿ ಬೆಳೆಯುವ ಮಗುವಿಗೆ ತನ್ನ ನುಡಿ, ತನ್ನ ಹಬ್ಬ ಅಪರಿಚಿತವಾಗಬಾರದೆಂಬುದು ಇಬ್ಬರ ಆಶಯವೂ ಹೌದು. ಆ ಸಂತಸದಲ್ಲಿ ನೆಲೆಸಿದ ಊರಿನ ಬಡವರಿಗೂ ಒಂದು ಪಾಲು ತೆಗೆದಿಡುವ ಪದ್ಧತಿ ಮಾತ್ರ ಜರ್ಮನ್ ಬಜಾರಿನಿಂದ ಯಾರೂ ಕಲಿಯಬಹುದಾದದ್ದು.