ಚಾಚಾನ ಹದಿನೈದು ತಾಸು

ಮಾಲೇಗಾಂವ್‌ಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಬನಹಟ್ಟಿಯ ಮಗ್ಗದ ಸದ್ದಿನಲ್ಲಿ ಬೆಳೆದ ನನಗೆ ಇಲ್ಲಿನ ಪವರ್‌ಲೂಮುಗಳ ಖಟಖಟ ಹೊಸದೇನಲ್ಲ. 1857ರ ನಂತರ ಉತ್ತರ ಹಿಂದೂಸ್ತಾನದಿಂದ ವಲಸೆ ಬಂದ ನೇಕಾರರು ಬೆಳೆಸಿದ ಊರಿದು.

ಪಕ್ಕದ ಮನೆಯ ಚಾಚಾ ಕೂಡ ನೇಕಾರರೇ. ನಲವತ್ತು ವರ್ಷ ಅರಳೆ ಧೂಳು, ಜೊತೆಗೆ ಬೀಡಿ. ಕೊನೆಗೆ ಸಿಓಪಿಡಿ. 2021ರ ಏಪ್ರಿಲ್ 21ರಂದು ನಾಸಿಕ್‌ನ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಟ್ಯಾಂಕ್ ಸೋರಿ 20ಕ್ಕೂ ಹೆಚ್ಚು ರೋಗಿಗಳು ಸತ್ತರಲ್ಲ, ಆ ಭಯದಲ್ಲೇ ಅವರ ಮಗ ಕಾನ್ಸಂಟ್ರೇಟರ್ ಮಶೀನು ತಂದ. ಡಾಕ್ಟರು ರಕ್ತ ಪರೀಕ್ಷಿಸಿ ಚೀಟಿಯಲ್ಲಿ ಬರೆದರು: ದಿನಕ್ಕೆ 15 ತಾಸು.

ಚಾಚಾ ಮಾತ್ರ ದಮ್ಮು ಹತ್ತಿದಾಗ ಅರ್ಧ ತಾಸು ಹಚ್ಚಿ ಬಂದ್ ಮಾಡುತ್ತಿದ್ದರು. "ಬಿಲ್ ಯಾರು ಕಟ್ತಾರೆ ಬೇಟಾ? ಚಟ ಬಿದ್ದರೆ?" ಅನ್ನೋರು.

ಈ 15 ಎಲ್ಲಿಂದ ಬಂತು ಅಂತ ಹುಡುಕಿದೆ. 1980ರಲ್ಲಿ ಅಮೆರಿಕದಲ್ಲಿ 203 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ರಾತ್ರಿ ಮಾತ್ರ ಆಮ್ಲಜನಕ ಪಡೆದವರಲ್ಲಿ, ಹಗಲೂ ರಾತ್ರಿ ಪಡೆದವರಿಗಿಂತ ಸಾವು ಹೆಚ್ಚುಕಡಿಮೆ ಎರಡು ಪಟ್ಟು. 1981ರಲ್ಲಿ ಬ್ರಿಟನ್ನಿನ ವರದಿ: ದಿನಕ್ಕೆ 15 ತಾಸು ಪಡೆದ 42 ಜನರಲ್ಲಿ ಐದು ವರ್ಷದಲ್ಲಿ ತೀರಿಕೊಂಡವರು 19, ಪಡೆಯದ 45ರಲ್ಲಿ 30. ಅಂದರೆ ಇದು ದಮ್ಮು ಇಳಿಸುವ ಗುಳಿಗೆಯಲ್ಲ, ಆಯುಷ್ಯದ ಲೆಕ್ಕ. ತಾಸು ತುಂಬಿದರೇ ಫಲ.

ಹಾಗಂತ ಎಲ್ಲರಿಗೂ ಅಲ್ಲ. ರಕ್ತದಲ್ಲಿ ಆಮ್ಲಜನಕ ಸ್ವಲ್ಪವೇ ಕಡಿಮೆಯಿದ್ದವರಿಗೆ ಇದರಿಂದ ಆಯುಷ್ಯ ಹೆಚ್ಚಲಿಲ್ಲ ಎಂದು 2016ರ ಅಧ್ಯಯನ ತೋರಿಸಿತು. ಕೊರೋನಾ ಕಾಲದ ಮಶೀನು ಮೂಲೆಯಲ್ಲಿದೆ ಅಂತ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಲೀಟರನ್ನೂ ನೀವೇ ಏರಿಸಬೇಡಿ. ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ಮಂಪರು ಕವಿಯುತ್ತದೆ. ಇನ್ನು ಹತ್ತಿರ ಬೀಡಿ, ಒಲೆ ಬೇಡವೇ ಬೇಡ, ಬೆಂಕಿ ಹೊತ್ತೀತು.

ಇದನ್ನೆಲ್ಲ ಹೇಳಿದಾಗ ಚಾಚಾ ನಕ್ಕರು. "ಮಗ್ಗವೂ ಕರೆಂಟಿನ ಮೇಲೆ, ನಾನೂ ಕರೆಂಟಿನ ಮೇಲೆ!" ಮಾತು ಸುಳ್ಳಲ್ಲ. 2000ದ ದಶಕದ ಲೋಡ್‌ಶೆಡ್ಡಿಂಗ್ ಕಂಡ ಊರು ನಮ್ಮದು. ಮಶೀನು ಗಾಳಿಯಿಂದ ನೈಟ್ರೋಜನ್ ಸೋಸಿ ಆಮ್ಲಜನಕ ಕೊಡುತ್ತದೆ, ಕರೆಂಟ್ ಹೋದರೆ ಅದೂ ನಿಂತಿತು. ಮಗ ಒಂದು ಸಿಲಿಂಡರ್ ತಂದಿಟ್ಟ, ಬಾಗಿಲ ತನಕ ಮುಟ್ಟುವ ಉದ್ದ ನಳಿಕೆ ಹಾಕಿಸಿದ. ಈಗ ಚಾಚಾ ರಾತ್ರಿಯಿಡೀ ಹಚ್ಚಿಕೊಂಡೇ ಮಲಗುತ್ತಾರೆ. ಉಳಿದ ತಾಸು ಹೊಸ್ತಿಲಲ್ಲಿ ಕೂತು ಪೇಪರ್ ಓದುತ್ತಾ ತುಂಬಿಸುತ್ತಾರೆ. ಬಿಲ್ ಬಂದಾಗ ಗೊಣಗುವುದು ಮಾತ್ರ ಬಿಟ್ಟಿಲ್ಲ.

ಊರಲ್ಲಿ ನಿಮ್ಮ ಅಪ್ಪನಿಗೋ ಅವ್ವನಿಗೋ ಈ ಮಶೀನು ಇದ್ದರೆ, ಇವತ್ತು ಫೋನಿನಲ್ಲಿ "ಆರಾಮಾ?" ಅಂತಷ್ಟೇ ಕೇಳಿ ಇಡಬೇಡಿ. "ನಿನ್ನೆ ಎಷ್ಟು ತಾಸು ಹಚ್ಚಿದ್ರಿ?" ಅಂತಲೂ ಕೇಳಿ.