ಹತ್ತು ಜನರ ಮಿಲ್ಲಿಗೂ ನಡತೆ ನಿಯಮ ಬೇಕಾ? ಮಾಲೀಕರು, ಕೆಲಸಗಾರರು ಇಬ್ಬರೂ ತಪ್ಪು ತಿಳಿದಿರುವ ಸಂಗತಿಗಳು

‘ನೀತಿ ಸಂಹಿತೆ’ ಅಂದ ಕೂಡಲೇ ನಮಗೆ ನೆನಪಾಗುವುದು ಚುನಾವಣೆ. ಗೋಡೆ ಬರಹ ಅಳಿಸುವುದು, ಚೆಕ್‌ಪೋಸ್ಟ್‌ನಲ್ಲಿ ಕಾರು ನಿಲ್ಲಿಸಿ ಡಿಕ್ಕಿ ತೆಗೆಸುವುದು. ಆದರೆ ಕೆಲಸದ ಜಾಗಕ್ಕೂ ಒಂದು ನೀತಿ ಸಂಹಿತೆ ಇರುತ್ತದೆ. ಅಲ್ಲಿ ಯಾರು ಹೇಗೆ ನಡೆದುಕೊಳ್ಳಬೇಕು, ಯಾವುದು ತಪ್ಪು, ತಪ್ಪಾದರೆ ಯಾರ ಹತ್ತಿರ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ ಎನ್ನುವುದನ್ನು ಬರೆದಿಟ್ಟ ಕಾಗದ ಅದು. ಸರ್ಕಾರಿ ನೌಕರರು ಇದನ್ನು ‘ನಡತೆ ನಿಯಮ’ ಅನ್ನುತ್ತಾರೆ. ಈ ಲೇಖನದಲ್ಲೂ ಹಾಗೇ ಕರೆಯೋಣ.

ಈ ಬಗ್ಗೆ ಮೂರು ಮಾತು ಸಾಮಾನ್ಯವಾಗಿ ಕಿವಿಗೆ ಬೀಳುತ್ತವೆ. ‘ಇದೆಲ್ಲ ಬೆಂಗಳೂರಿನ ಕಂಪನಿಗಳಿಗೆ, ನಮ್ಮಂಥ ಸಣ್ಣವರಿಗಲ್ಲ.’ ‘ಒಂದು ಸಲ ಬರೆದು ಸಹಿ ಹಾಕಿಸಿಕೊಂಡರೆ ಸಂಬಳದಲ್ಲಿ ಎಷ್ಟು ಬೇಕಾದರೂ ಹಿಡಿಯಬಹುದು.’ ‘ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಮಹಿಳೆಯರ ದೂರಿನ ಕಾನೂನು ಅನ್ವಯಿಸಲ್ಲ.’ ಮೂರೂ ತಪ್ಪು.

ಒಂದೇ ಸೀಮೆ, ಎರಡು ಲೋಕ

ಚಳ್ಳಕೆರೆಗೆ ‘ಎಣ್ಣೆ ನಗರ’ ಅಂತಲೇ ಹೆಸರು. ಸುತ್ತಲಿನ ಶೇಂಗಾ, ಊರಿನ ಎಣ್ಣೆ ಮಿಲ್ಲುಗಳು, ಹಿಂಡಿಯ ವ್ಯಾಪಾರ, ಎಪಿಎಂಸಿ ಮಂಡಿ, ಲಾರಿಗಳು, ಹಮಾಲರು. ಪಕ್ಕದ ಮೊಳಕಾಲ್ಮೂರಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ರೇಷ್ಮೆ ಸೀರೆ, ಅದನ್ನು ನೇಯುವ ಮಗ್ಗಗಳು, ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ಮಾಲೀಕರು, ಸೀರೆ ಅಂಗಡಿಗಳು.

ಚಳ್ಳಕೆರೆ ತಾಲ್ಲೂಕಿನ ಕಾವಲು ಜಮೀನಿನಲ್ಲೇ ಈಗ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಬಂದು ಕೂತಿವೆ. ಡಿಆರ್‌ಡಿಒದ ಒಬ್ಬ ನೌಕರ 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಿಗೆ ಒಳಪಟ್ಟವನು. ಊರಿನ ಸರ್ಕಾರಿ ಕಚೇರಿಯ ಗುಮಾಸ್ತರಿಗೆ 2021ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳಿವೆ. ಯಾವ ಉಡುಗೊರೆ ತೆಗೆದುಕೊಳ್ಳಬಾರದು ಎನ್ನುವುದೂ ಅದರಲ್ಲಿ ಬರೆದಿದೆ. ಅದೇ ರಸ್ತೆಯಲ್ಲಿ ಎಣ್ಣೆ ಮಿಲ್ಲಿಗೆ ಹೋಗುವವನಿಗೆ ಇರುವುದು ‘ಮಾಲೀಕರು ಹೇಳಿದ ಹಾಗೆ’ ಅನ್ನುವ ಒಂದೇ ನಿಯಮ. ಮಾಲೀಕರು ಒಳ್ಳೆಯವರಾದರೆ ದಿನ ಸಾಗುತ್ತದೆ. ಅವರ ಮಗ ಗಲ್ಲಾದ ಮೇಲೆ ಕೂತ ದಿನ ನಿಯಮವೂ ಬದಲಾಗುತ್ತದೆ.

ಸಣ್ಣ ಘಟಕಗಳಿಗೆ ಕಾನೂನು ಏನು ಹೇಳುತ್ತದೆ?

ಕಾರ್ಖಾನೆಗಳಲ್ಲಿ ಇಂಥ ನಿಯಮಗಳನ್ನು ಬರೆದು ಸರ್ಕಾರದಿಂದ ದೃಢೀಕರಿಸಿಕೊಳ್ಳಬೇಕು ಎಂದು 1946ರಲ್ಲೇ ಒಂದು ಕೇಂದ್ರ ಕಾಯ್ದೆ ಬಂತು. ಅದರಲ್ಲಿ ಇವಕ್ಕೆ ‘ಸ್ಥಾಯಿ ಆದೇಶ’ ಎಂದು ಹೆಸರು. ಆ ಕಾಯ್ದೆಯಲ್ಲಿದ್ದ ಮೂಲ ಮಿತಿ 100 ಕಾರ್ಮಿಕರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು 300ಕ್ಕೆ ಏರಿಸಿದೆ. ಅಂದರೆ 20 ಜನರ ಮಿಲ್ಲು, 6 ಜನರ ಸೀರೆ ಅಂಗಡಿ, 4 ಮಗ್ಗದ ಮನೆ ಯಾವುದೂ ಈ ಕಡ್ಡಾಯದೊಳಗೆ ಬರುವುದಿಲ್ಲ.

‘ನೋಡಿ, ನಮಗಲ್ಲ ಅಂದೆನಲ್ಲ’ ಅನ್ನುವವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಆದರೆ ಬರೆದಿಡುವುದು ಕಡ್ಡಾಯವಲ್ಲ ಎನ್ನುವುದಕ್ಕೂ ಮನಸ್ಸಿಗೆ ಬಂದಂತೆ ಮಾಡಬಹುದು ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಅಂಗಡಿಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನೇ ನೋಡಿ. ಸತತ 6 ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಯ ಕಾರಣಕ್ಕೆ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ, ಸಾಕ್ಷ್ಯವನ್ನು ದಾಖಲು ಮಾಡಿರಬೇಕು.

ಈಗ ಯೋಚನೆ ಮಾಡಿ. ಕಾಂಟಾದ ಹತ್ತಿರ ಕೂತ ಹುಡುಗ ರೈತರಿಂದ ಮಾಮೂಲು ತೆಗೆದುಕೊಂಡು ಅವರ ಗಾಡಿಯನ್ನು ಮುಂದೆ ಬಿಡುತ್ತಿದ್ದಾನೆ. ಮಾಲೀಕರಿಗೆ ಗೊತ್ತಾಗಿ ಸಂಜೆಯೇ ಮನೆಗೆ ಕಳಿಸಿದರು. ಅವನು ಕಾರ್ಮಿಕ ಇಲಾಖೆಗೆ ಹೋಗಿ, ‘ತಗೋಬೇಡ ಅಂತ ನನಗೆ ಯಾರು ಹೇಳಿದ್ದರು? ಎಲ್ಲರೂ ತಗೋತಾರೆ’ ಅಂದರೆ ಮಾಲೀಕರ ಕೈಯಲ್ಲಿ ಏನಿದೆ? ಸ್ಥಾಯಿ ಆದೇಶಗಳಿಗೆ ಸಂಬಂಧಿಸಿದ 1984ರ ಗ್ಲಾಕ್ಸೊ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಯಾವುದು ದುರ್ನಡತೆ ಎನ್ನುವುದು ಮೊದಲೇ ನಿಖರವಾಗಿ ಬರೆದಿರಬೇಕು, ಘಟನೆ ನಡೆದ ಮೇಲೆ ಮಾಲೀಕರು ತಮಗೆ ಬೇಕಾದಂತೆ ಅರ್ಥ ಹಚ್ಚುವಂತಿಲ್ಲ. ಆ ತೀರ್ಪು ದೊಡ್ಡ ಕಾರ್ಖಾನೆಗಳ ನಿಯಮದ ಬಗ್ಗೆ ಬಂದದ್ದು. ಆದರೆ ಅದರ ಹಿಂದಿನ ಯೋಚನೆ ನಾಲ್ಕು ಜನರ ಅಂಗಡಿಗೂ ಹೊಂದುತ್ತದೆ. ನಡತೆ ನಿಯಮ ಮಾಲೀಕರ ರಕ್ಷಣೆಗೂ ಹೌದು ಎನ್ನುವುದು ಬಹಳ ಮಂದಿಗೆ ಹೊಳೆಯುವುದೇ ಇಲ್ಲ.

ಸೀರೆಗೆ ಕಲೆ ಬಿದ್ದರೆ ಎಷ್ಟು ಹಿಡಿಯಬಹುದು?

ಎರಡನೆಯ ಮಾತಿಗೆ ಬರೋಣ. ಅತಿ ಹೆಚ್ಚು ಜಗಳ ಆಗುವುದು ಇಲ್ಲೇ.

‘ತಡವಾಗಿ ಬಂದರೆ 200 ರೂಪಾಯಿ ದಂಡ’, ‘ಫೋನ್ ನೋಡಿದರೆ 500’ ಎಂದು ಗೋಡೆಗೆ ಚೀಟಿ ಅಂಟಿಸುವುದು ನಡತೆ ನಿಯಮ ಅಲ್ಲ. ದಂಡದ ಬಗ್ಗೆ 1936ರ ವೇತನ ಪಾವತಿ ಕಾಯ್ದೆಯಲ್ಲೇ ಮಿತಿ ಇತ್ತು. ಈಗ ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಇದೆ (ನೋಡಿ, ಇದಕ್ಕೂ ‘ಸಂಹಿತೆ’ ಅಂತಲೇ ಹೆಸರು). ಒಂದು ವೇತನ ಅವಧಿಯಲ್ಲಿ ಎಲ್ಲ ದಂಡ ಸೇರಿ ಆ ಅವಧಿಯ ಸಂಬಳದ ಶೇ 3ನ್ನು ದಾಟಬಾರದು. ತಿಂಗಳಿಗೆ 12,000 ರೂಪಾಯಿ ಸಂಬಳ ಇದ್ದರೆ ಇಡೀ ತಿಂಗಳ ದಂಡ 360 ರೂಪಾಯಿ, ಅಷ್ಟೇ. ಯಾವ ತಪ್ಪಿಗೆ ದಂಡ ಎನ್ನುವುದಕ್ಕೆ ಸರ್ಕಾರದ ಒಪ್ಪಿಗೆ ಪಡೆದು ಮೊದಲೇ ನೋಟಿಸ್ ಹಾಕಿರಬೇಕು. ದಂಡ ಹಾಕುವ ಮುಂಚೆ ಕಾರಣ ಹೇಳಲು ಅವಕಾಶ ಕೊಡಬೇಕು. 15 ವರ್ಷ ತುಂಬದವರಿಗೆ ದಂಡ ಹಾಕುವಂತಿಲ್ಲ. ಕಂತಿನಲ್ಲಿ ಹಿಡಿಯುವಂತಿಲ್ಲ, 90 ದಿನ ಕಳೆದ ಮೇಲೆ ವಸೂಲಿ ಮಾಡುವಂತಿಲ್ಲ.

ನನಗೆ ಇದರಲ್ಲಿ ಇಷ್ಟವಾದ ನಿಯಮ ಇನ್ನೊಂದು. ದಂಡದ ಹಣವನ್ನು ರಿಜಿಸ್ಟರ್‌ನಲ್ಲಿ ಬರೆಯಬೇಕು, ಕೆಲಸಗಾರರ ಅನುಕೂಲಕ್ಕೇ ಖರ್ಚು ಮಾಡಬೇಕು. ಅದು ಗಲ್ಲಾಪೆಟ್ಟಿಗೆಗೆ ಹೋಗುವ ಹಣ ಅಲ್ಲ.

ನಷ್ಟದ ವಿಷಯ ಬೇರೆ. ಕೆಲಸಗಾರರ ಅಜಾಗ್ರತೆಯಿಂದಲೇ ಮಾಲು ಹಾಳಾಗಿದ್ದರೆ ಹಿಡಿಯಬಹುದು, ಆದರೆ ಆದ ನಷ್ಟಕ್ಕಿಂತ ಹೆಚ್ಚಲ್ಲ. ಅದಕ್ಕೂ ಮೊದಲು ಅವರ ಮಾತು ಕೇಳಬೇಕು. ಎಲ್ಲ ಕಡಿತ ಸೇರಿದರೂ ಸಂಬಳದ ಅರ್ಧ ದಾಟಬಾರದು. ರೇಷ್ಮೆ ಸೀರೆಯಲ್ಲಿ ಇದು ಸುಲಭದ ಲೆಕ್ಕವಲ್ಲ. ಹಾಸಿನ ಎಳೆ ಕಿತ್ತದ್ದು ನೇಕಾರರ ತಪ್ಪೇ, ಕೊಟ್ಟ ನೂಲೇ ಕಳಪೆಯೇ? ಸೆರಗಿನಲ್ಲಿ ಬಣ್ಣ ಹರಡಿದ್ದು ಬಣ್ಣ ಹಾಕಿದವರಿಂದಲೋ, ನೇಯ್ದವರಿಂದಲೋ? ನೂಲು ಕೊಡುವಾಗಲೇ ಇಬ್ಬರೂ ನೋಡಿ, ಒಂದು ಪುಸ್ತಕದಲ್ಲಿ ಬರೆದುಕೊಂಡರೆ ಮುಕ್ಕಾಲು ಜಗಳ ಮುಗಿಯಿತು.

ಮನೆಯಲ್ಲೇ ಮಗ್ಗ ಇಟ್ಟುಕೊಂಡು, ಸೀರೆಗಿಷ್ಟು ಅಂತ ಕೂಲಿಗೆ ನೇಯುವವರ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದೆ. ಜಗಳ ಬಂದಾಗ ಮೊದಲ ಪ್ರಶ್ನೆಯೇ ‘ಇವರು ಕೆಲಸಗಾರರೋ, ಗುತ್ತಿಗೆ ಹಿಡಿದವರೋ’ ಅನ್ನುವುದು. ಹಾಗಾಗಿ ಕೂಲಿ, ಮುಂಗಡ, ಕಡಿತದ ಲೆಕ್ಕ ಬರಹದಲ್ಲಿರಲಿ ಎಂದು ಮೊದಲು ಕೇಳಬೇಕಾದವರು ಇವರೇ.

ಬರೆದಿದ್ದರೆ ಸಾಕಾ? ನರಸಾಪುರದ ಕತೆ

ಸಾಲದು. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಗಾಜು ಪುಡಿಯಾದ, ವಾಹನ ಉರುಳಿಸಿದ ವಿಡಿಯೊಗಳು ಎಲ್ಲ ಗ್ರೂಪ್‌ಗಳಲ್ಲೂ ಓಡಾಡಿದವು. ಅದರ ಹಿಂದೆ ಇದ್ದದ್ದು ಸಂಬಳದ ಸಿಟ್ಟು. ಆಪಲ್ ಕಂಪನಿಗೆ ತನ್ನ ಪೂರೈಕೆದಾರರಿಗಾಗಿಯೇ ಬರೆದ ನೀತಿ ಸಂಹಿತೆ ಇದೆ. ವಿಸ್ಟ್ರಾನ್ ಅದನ್ನು ಮೀರಿದೆ, ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಟ್ಟಿಲ್ಲ, ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರ ಸಂಬಳ ತಡವಾಗಿದೆ ಎಂದು ಆಪಲ್ ಒಂದು ವಾರದಲ್ಲೇ ಹೇಳಿತು. ಸರಿಪಡಿಸುವ ತನಕ ಹೊಸ ಆರ್ಡರ್ ಇಲ್ಲ ಎಂದಿತು. ವಿಸ್ಟ್ರಾನ್ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದು, ಕೆಲಸಗಾರರ ಕ್ಷಮೆ ಕೇಳಿತು.

ದಾಂಧಲೆ ಮಾಡಿದ್ದು ಸರಿ ಎಂದು ಯಾರೂ ಹೇಳುವುದಿಲ್ಲ, ಬಂಧನಗಳೂ ಆದವು. ಆದರೆ ಗಮನಿಸಿ: ಸಂಹಿತೆ ಕಾಗದದ ಮೇಲೆ ಇತ್ತು, ಹಾಜರಿ ಲೆಕ್ಕದ ಮೇಜಿನ ತನಕ ಇಳಿದಿರಲಿಲ್ಲ. ಹಾಗಂತ ಕಾಗದ ಕೆಲಸಕ್ಕೇ ಬರಲಿಲ್ಲ ಎಂದೂ ಹೇಳಲಾಗದು. ತಪ್ಪು ಯಾರದು ಎಂದು ಒಂದು ವಾರದಲ್ಲಿ ಅಳೆದು ಹೇಳಲು ಆಪಲ್ ಕೈಯಲ್ಲಿದ್ದ ಅಳತೆಗೋಲು ಅದೇ.

ಮಹಿಳೆಯರ ದೂರು: ಹತ್ತರ ಲೆಕ್ಕ

2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷತೆ ಮಹಿಳೆಯದ್ದು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಒಬ್ಬರು ಸದಸ್ಯರು. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಇಲ್ಲಿಂದಲೇ ‘ಒಂಬತ್ತು ಜನ ಇದ್ದರೆ ಕಾನೂನೇ ಇಲ್ಲ’ ಅನ್ನುವ ತಪ್ಪು ತಿಳಿವಳಿಕೆ ಹುಟ್ಟಿದ್ದು.

ನಿಜ ಏನೆಂದರೆ, ಹತ್ತಕ್ಕಿಂತ ಕಡಿಮೆ ಇದ್ದ ಕಡೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ದೂರು ಮಾಲೀಕರ ಮೇಲೇ ಇದ್ದರೂ ಅಲ್ಲಿಗೇ. ಮನೆಗೆಲಸದವರಿಗೂ ಅದೇ ದಾರಿ. ಮೊಳಕಾಲ್ಮೂರಿನ ಸೀರೆ ಅಂಗಡಿಯಲ್ಲಿ ಒಬ್ಬಳೇ ಕೆಲಸ ಮಾಡುವ ಹುಡುಗಿಗೂ ಈ ಕಾನೂನು ಪೂರ್ತಿ ಅನ್ವಯಿಸುತ್ತದೆ. ಇದಕ್ಕಾಗಿ ಅವಳು ಚಿತ್ರದುರ್ಗಕ್ಕೆ ಬಸ್ ಹತ್ತಬೇಕಾಗಿಯೂ ಇಲ್ಲ. ದೂರು ತೆಗೆದುಕೊಳ್ಳಲು ಪ್ರತಿ ತಾಲ್ಲೂಕಿಗೂ ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕು, ಅವರು 7 ದಿನದೊಳಗೆ ಅದನ್ನು ಸಮಿತಿಗೆ ತಲುಪಿಸಬೇಕು ಎಂದು ಕಾಯ್ದೆಯಲ್ಲೇ ಇದೆ. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವು ನೀಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

‘ಸಾಬೀತಾಗದಿದ್ದರೆ ದೂರು ಕೊಟ್ಟವಳನ್ನೇ ಒಳಗೆ ಹಾಕುತ್ತಾರೆ’ ಎನ್ನುವ ಬೆದರಿಕೆಯೂ ಸುಳ್ಳು. ಸಾಕ್ಷಿ ಸಾಲದೆ ದೂರು ಸಾಬೀತಾಗದಿದ್ದರೆ ಅದೊಂದೇ ಕಾರಣಕ್ಕೆ ಕ್ರಮ ತೆಗೆದುಕೊಳ್ಳುವಂತಿಲ್ಲ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ.

ಯಾವ ಭಾಷೆಯಲ್ಲಿ ಬರೆಯಬೇಕು?

ನಾನು ಮೊದಲ ಕೆಲಸಕ್ಕೆ ಸೇರಿದಾಗ ಉದ್ದನೆಯ ಇಂಗ್ಲಿಷ್ ಪಿಡಿಎಫ್ ಒಂದನ್ನು ಕಳಿಸಿ ‘ಒಪ್ಪಿದ್ದೇನೆ’ ಒತ್ತಿ ಅಂದರು. ಸಂವಹನ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಬಂದಿದ್ದ ನಾನೂ ಓದದೆ ಒತ್ತಿದೆ. ಮುಂದೆ ಸಹೋದ್ಯೋಗಿಯೊಬ್ಬಳಿಗೆ ತೊಂದರೆಯಾದಾಗ, ಯಾರಿಗೆ ಹೇಳಬೇಕು ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅದು ಆ ಪಿಡಿಎಫ್‌ನ ಕೊನೆಯ ಪುಟದಲ್ಲಿತ್ತು.

1946ರ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ನಿಯಮಗಳನ್ನು ಇಂಗ್ಲಿಷ್ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಹಾಕಬೇಕು, ಅದೂ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಎಂದು ಅವರು ಬರೆದಿದ್ದರು. ನಮ್ಮ ಗಡಿ ಸೀಮೆಯಲ್ಲಿ ಮನೆಯಲ್ಲಿ ತೆಲುಗು ಮಾತಾಡುವವರು ಬಹಳ. ಓದಲು ಬಾರದ ಹಿರಿಯ ಹಮಾಲರೂ ಇರುತ್ತಾರೆ. ಹಾಗಾಗಿ ಗೋಡೆಗೆ ಅಂಟಿಸಿದರೆ ಸಾಲದು, ಸಂಬಳದ ದಿನ ಎಲ್ಲರನ್ನೂ ಕೂರಿಸಿ ಓದಿ ಹೇಳಬೇಕು. ಎರಡು ನಿಮಿಷದ ಆಡಿಯೊ ಮಾಡಿ ಮಿಲ್ಲಿನ ವಾಟ್ಸಾಪ್ ಗ್ರೂಪ್‌ಗೆ ಹಾಕಿದರೂ ನಡೆಯುತ್ತದೆ.

ಗ್ರೂಪ್ ಅಂದ ಮೇಲೆ ಅದೂ ನಿಯಮದಲ್ಲಿ ಬರಬೇಕು. ಜಾತಿ ಹಿಡಿದು ಮಾಡುವ ತಮಾಷೆ, ಸಹೋದ್ಯೋಗಿಯ ಫೋಟೊಗೆ ಅಂಟಿಸಿದ ಸ್ಟಿಕ್ಕರ್, ಮಗ್ಗದ ಮೇಲಿರುವ ಹೊಸ ಬುಟ್ಟಾ ವಿನ್ಯಾಸದ ಚಿತ್ರವನ್ನು ಹೊರಗಿನವರಿಗೆ ಕಳಿಸುವುದು ಎಲ್ಲವೂ ಕೆಲಸದ ಜಾಗದ ವಿಷಯಗಳೇ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಎದುರಿಗೆ ಜಾತಿ ಹೆಸರಲ್ಲಿ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅದನ್ನು ‘ನಮ್ಮೊಳಗೇ ಮುಗಿಸಿಕೊಳ್ಳೋಣ’ ಎಂದು ನಡತೆ ನಿಯಮ ಬರೆದು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಸಣ್ಣ ಘಟಕಕ್ಕೆ ಒಂದು ಹಾಳೆ ಸಾಕು. ಕೆಲಸದ ಹೊತ್ತು, ಸಂಬಳದ ದಿನ, ಮುಂಗಡದ ಲೆಕ್ಕ, ಯಾವುದು ತಪ್ಪು, ದೂರು ಕೇಳುವವರು ಯಾರು, ಅವರ ಮೇಲೇ ದೂರಿದ್ದರೆ ಮುಂದಿನವರು ಯಾರು. ದೂರು ಕೊಟ್ಟವರು, ವಿಚಾರಿಸುವವರು, ತೀರ್ಪು ಹೇಳುವವರು ಒಬ್ಬರೇ ಆಗಬಾರದು. ಮಾಲೀಕರಿಗೂ ಅದೇ ಹಾಳೆ ಅನ್ವಯಿಸಬೇಕು. ಅನ್ವಯಿಸದಿದ್ದರೆ ಕೆಲಸಗಾರರು ಅದನ್ನು ಎರಡನೇ ದಿನವೇ ಮರೆಯುತ್ತಾರೆ, ಮರೆತರೆ ಅದು ಅವರ ತಪ್ಪೂ ಅಲ್ಲ.

ನಿಮ್ಮ ಮುಂದೆ ಯಾರಾದರೂ ಕಾಗದ ಇಟ್ಟು ಸಹಿ ಹಾಕಿ ಅಂದರೆ ಓದಿಸಿಕೊಂಡು, ಒಂದು ಪ್ರತಿ ಕೇಳಿ ಪಡೆಯಿರಿ. ಕೊಡದಿದ್ದರೆ ಫೋಟೊವಾದರೂ ತೆಗೆದುಕೊಳ್ಳಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಮಹಿಳೆಯರಿಗೆ ಸಹಾಯವಾಣಿ 181. ಉಚಿತ ಕಾನೂನು ನೆರವಿಗೆ 15100. ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇದ್ದರೂ ಈ ನೆರವಿಗೆ ಅರ್ಹರು.