ಮುಪ್ಪಿನ ಮೊರೆಗೆ ಕಿವಿಗೊಟ್ಟವರು

ತಿಂಗಳ ಮೊದಲ ಶುಕ್ರವಾರ ಯಲಹಂಕದ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಹಾಸಿಗೆ ಹಿಡಿದ ಹಿರಿಯರು ಆಗಾಗ ಕೇಳುವ ಪ್ರಶ್ನೆಯೊಂದಿದೆ: “ಸ್ವಾಮಿ, ದೇವರು ನನ್ನನ್ನು ಇನ್ನೂ ಯಾಕೆ ಕರೆದುಕೊಂಡಿಲ್ಲ?” ಪಕ್ಕದಲ್ಲಿ ನಿಂತ ಮಗನೋ ಸೊಸೆಯೋ ಮುಜುಗರಪಟ್ಟು, “ಹಾಗೆಲ್ಲ ಅನ್ನಬಾರದು” ಎಂದು ಸುಮ್ಮನಾಗಿಸುತ್ತಾರೆ. ಆ ಮಾತು ಅವಿಶ್ವಾಸದ ಮಾತೇ? ಚರಿತ್ರೆ ಹಾಗೆ ಹೇಳುವುದಿಲ್ಲ.

ನಮ್ಮ ನಾಡಿನಲ್ಲಿಯೇ ಈ ಮೊರೆಗೆ ದೀರ್ಘ ಪರಂಪರೆಯಿದೆ. 12ನೆಯ ಶತಮಾನದಲ್ಲಿ ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸಿ, ದೇಹ ಕುಂದುವ ಮೊದಲೇ ದೇವರನ್ನು ಪೂಜಿಸಬೇಕೆಂದು ಎಚ್ಚರಿಸಿದರು. ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅರಸ ಯಶೌಘನು ತನ್ನ ನರೆಗೂದಲನ್ನು ಕಂಡು, ಮಗನಿಗೆ ಪಟ್ಟಕಟ್ಟಿ ತಪಸ್ಸಿಗೆ ಹೊರಡುತ್ತಾನೆ.

ಬಸವಣ್ಣನವರಿಗಿಂತ ಸುಮಾರು ಆರು ಶತಮಾನಗಳ ಹಿಂದೆ, ಇಸ್ಲಾಂ ಉದಯಿಸುವ ಮುನ್ನ, ಅರೇಬಿಯದ ಕವಿಗಳೂ ನರೆಯನ್ನು ಕಂಡು ಮರುಗಿದ್ದರು. ಅವರಲ್ಲಿ ಜುಹೈರ್ ಎಂಬಾತ ಶ್ರೇಷ್ಠ. ಎರಡು ಬುಡಕಟ್ಟುಗಳ ದೀರ್ಘ ಯುದ್ಧವನ್ನು, ಹತರಾದವರ ಪರಿಹಾರವನ್ನು ತಾವೇ ತೆತ್ತು ನಿಲ್ಲಿಸಿದ ಇಬ್ಬರು ನಾಯಕರನ್ನು ಆತ ತನ್ನ ದೀರ್ಘ ಕವಿತೆಯಲ್ಲಿ ಕೊಂಡಾಡಿದ. ಅದೇ ಕವಿತೆಯಲ್ಲಿ, ಎಂಬತ್ತು ವರ್ಷ ಬಾಳಿದವನಿಗೆ ಬದುಕಿನ ಹೊರೆ ಸಾಕೆನಿಸುತ್ತದೆಂದು ಒಪ್ಪಿಕೊಂಡ. ಆ ಬೇಸರದ ಬೆನ್ನಿಗೇ ಅನುಭವದ ಹಿತನುಡಿಗಳು ಬರುತ್ತವೆ. ಬೇಸರವನ್ನು ಕೇಳಲೊಲ್ಲದವನಿಗೆ ಆ ವಿವೇಕವೂ ದೊರೆಯದು.

ಈ ನುಡಿಗಳು ಉಳಿದು ಬಂದ ಬಗೆಯೇ ನಮಗೊಂದು ಪಾಠ. ಅರಬರಲ್ಲಿ ಪ್ರತಿ ಹಿರಿಯ ಕವಿಯ ಬಳಿಯೂ ಸಾಮಾನ್ಯವಾಗಿ ಒಬ್ಬ ‘ರಾವಿ’ ಇರುತ್ತಿದ್ದ. ಕವಿತೆಗಳನ್ನು ಕೇಳಿ, ಕಂಠಪಾಠ ಮಾಡಿ, ಮುಂದಿನವರಿಗೆ ಒಪ್ಪಿಸುವುದು ಅವನ ಕೆಲಸ. ಜುಹೈರನೂ ಎಳೆಯನಾಗಿದ್ದಾಗ ಔಸ್ ಎಂಬ ಹಿರಿಯ ಕವಿಗೆ ರಾವಿಯಾಗಿದ್ದ. ಅವನ ಮಗ ಕಅಬ್ ಕೂಡ ಕವಿಯಾದ. ವಿದ್ವಾಂಸರು ಆ ಕವಿತೆಗಳನ್ನು ಬರಹಕ್ಕಿಳಿಸಿ ಸಂಗ್ರಹಿಸಿದ್ದು ಬಹುಪಾಲು 8ನೆಯ ಶತಮಾನದಿಂದೀಚೆಗೆ. ನಮ್ಮಲ್ಲೂ ತಾಳೆಗರಿಗಳಲ್ಲಿದ್ದ ವಚನಗಳನ್ನು ಅರಸಿ ಕೂಡಿಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಹಿರಿಯರ ಮಾತು ಉಳಿದದ್ದು ಕಿರಿಯರು ಕಿವಿಗೊಟ್ಟದ್ದರಿಂದ.

ಪವಿತ್ರ ಬೈಬಲಿನ 71ನೆಯ ಕೀರ್ತನೆಯೂ ಇದನ್ನೇ ಬೇಡುತ್ತದೆ. ವೃದ್ಧಾಪ್ಯದಲ್ಲಿ ತನ್ನನ್ನು ತಳ್ಳಿಬಿಡಬೇಡವೆಂದು ಕೀರ್ತನಕಾರನು ದೇವರಿಗೆ ಮೊರೆಯಿಡುತ್ತಾನೆ. ಅಲ್ಲಿಗೇ ನಿಲ್ಲದೆ, ದೇವರ ಶಕ್ತಿಯನ್ನು ಮುಂದಿನ ಪೀಳಿಗೆಗೆ ಸಾರುವವರೆಗೂ ಕೈಬಿಡಬೇಡವೆಂದು ಕೋರುತ್ತಾನೆ. ಅವನ ದುಃಖ ಪ್ರಾರ್ಥನೆಯಾಗಿದೆ. ಆ ಪ್ರಾರ್ಥನೆಗೆ ಕೇಳುವ ಕಿರಿಯರೂ ಬೇಕಾಗಿದ್ದಾರೆ. ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವನ್ನು ಜುಲೈ ತಿಂಗಳ ನಾಲ್ಕನೆಯ ಭಾನುವಾರಕ್ಕೆ ಗೊತ್ತುಪಡಿಸಿದರು. 2024ರಲ್ಲಿ ಆ ದಿನದ ಧ್ಯೇಯವಾಕ್ಯವನ್ನು ಈ ಕೀರ್ತನೆಯಿಂದಲೇ ಆಯ್ದುಕೊಂಡರು.

ಹೆಬ್ಬಾಳ, ಆರ್.ಟಿ. ನಗರಗಳ ಎಷ್ಟೋ ಮನೆಗಳಲ್ಲಿ ಇಂದು ಮಕ್ಕಳು ದೂರದೂರುಗಳಿಂದ ಫೋನು ಮಾಡಿ ಔಷಧಿಯನ್ನು ತಪ್ಪದೆ ವಿಚಾರಿಸುತ್ತಾರೆ. ಅದು ಪ್ರೀತಿಯೇ ಸರಿ. ಆದರೆ ಮಾತ್ರೆಯ ಲೆಕ್ಕ ಮುಗಿದ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. “ನನಗೆ ಸಾಕಾಗಿದೆ” ಎಂದು ತಾಯಿ ಅಂದಾಗ ತಡೆಯದೆ, “ಹೇಳಮ್ಮ” ಎನ್ನೋಣ. ಪ್ರತಿ ಮನೆಗೂ ಒಬ್ಬ ರಾವಿ ಬೇಕು. ಸಂಜೆಯ ಜಪಸರ ಮುಗಿದ ಮೇಲೆ ಮೊಮ್ಮಕ್ಕಳಲ್ಲಿ ಒಬ್ಬರು ಅಜ್ಜಿಯ ಮಂಚದ ಬಳಿ ಕುಳಿತರೂ ಸಾಕು, ಆ ಕೆಲಸ ಆರಂಭವಾದಂತೆ.